ಅಂಚಿನಲ್ಲಿ ಜಗಳ

ಆಗೆಲ್ಲ ಮೇಳಿಗೆಯ ವಾಚನಾಲಯಕ್ಕೆ ಬರುತ್ತಿದ್ದದ್ದು ಒಂದೇ ವಾರಪತ್ರಿಕೆ. ಧಾರಾವಾಹಿಯ ಪುಟದ ಅಂಚಿನಲ್ಲಿ ಪೆನ್ಸಿಲ್ ಹಿಡಿದು ಜಗಳವಾಡುವುದು ಓದುಗರ ಪದ್ಧತಿ. 'ವಿಧವೆಗೆ ಮದುವೆ ಮಾಡ್ತಾರಂತೆ! ಕಾಲ ಕೆಟ್ಟೋಯ್ತು' ಎಂದು ನಿವೃತ್ತ ಮೇಷ್ಟ್ರು ಹೂವಯ್ಯ ಬರೆದರೆ, ಇಪ್ಪತ್ತಕ್ಕೇ ಗಂಡನನ್ನು ಕಳೆದುಕೊಂಡ ಜಲಜಮ್ಮ ಕೆಳಗೆ ಗೀಚುತ್ತಿದ್ದಳು: 'ನಿಮ್ಮ ಎರಡನೇ ಮದುವೇಲಿ ಹೋಳಿಗೆ ಚೆನ್ನಾಗಿತ್ತು ಮೇಷ್ಟ್ರೇ.' ದಾರಿಯಲ್ಲಿ ಎದುರಾದರೆ ಮಾತ್ರ ಇಬ್ಬರೂ 'ಊಟ ಆಯ್ತಾ' ಎಂದಷ್ಟೇ ಕೇಳಿಕೊಂಡು ಮುಂದೆ ಹೋಗುತ್ತಿದ್ದರು.

ಎಂಬತ್ತೊಂದನೇ ಇಸವಿಯಲ್ಲಿ ಹೂವಯ್ಯ ತೀರಿಕೊಂಡರು. ಮರುವಾರವೇ ಧಾರಾವಾಹಿಯ ವಿಧವೆಗೆ ಮದುವೆಯಾಯಿತು. ಅಂಚು ಖಾಲಿ ಇತ್ತು. ಗೆದ್ದೆ ಎಂದು ಜಲಜಮ್ಮನಿಗೆ ಅನಿಸಲೇ ಇಲ್ಲ. ಪೆನ್ಸಿಲ್ ತೆಗೆದು, ಮೇಷ್ಟ್ರ ದುಂಡಗಿನ ಅಕ್ಷರದಲ್ಲೇ 'ಕಾಲ ಕೆಟ್ಟೋಯ್ತು' ಎಂದು ಬರೆದಳು. ಈ ಸಲ ಕೊನೆಯ ಮಾತು ಅವರದ್ದೇ ಇರಲಿ ಎಂದು, ಕೆಳಗೆ ಏನೂ ಬರೆಯದೆ ಎದ್ದಳು.