ಹದಿನಾರಿಯ ಎದೆಯ ಕವಾಟ

"ಒತ್ತೇ ಹೆಬ್ಬೆಟ್ಟು, ಮುಂಡೇದೆ! ನಿಮ್ಮಪ್ಪನ ಆಸ್ತಿ ಬರೆಸ್ಕೊಳ್ತಿದೀನಾ?" ವಾರ್ಡಿನ ಮಂಚದ ಬಳಿ ನಿಂತ ಮೇಸ್ತ್ರಿ ಅವಳ ಕೈಯನ್ನು ಒಪ್ಪಿಗೆ ಕಾಗದದತ್ತ ಎಳೆದ.

ಅವಳು ಮುಷ್ಟಿ ಬಿಗಿದಳು. ಒಂದೇ ಸಲಕ್ಕೆ ಹದಿನಾರು ಇಟ್ಟಿಗೆ ಹೊರುತ್ತಿದ್ದವಳೆಂದು ಇಟ್ಟಿಗೆ ಗೂಡಿನವರೆಲ್ಲ ಅವಳನ್ನು ಹದಿನಾರಿ ಅಂತಲೇ ಕರೆಯೋದು. ಈಗ ನಾಲ್ಕಕ್ಕೇ ಏದುಸಿರು. ಹೋದ ವಾರ ಏಣಿಯಿಂದ ಉರುಳಿದಾಗ ಗೂಡಿನ ಯಜಮಾನ ತನ್ನ ಕಾರಲ್ಲೇ ಆಸ್ಪತ್ರೆಗೆ ಕಳಿಸಿದ್ದ. ಆಗಿನಿಂದಲೇ ಅವಳಿಗೆ ಅನುಮಾನ. ಗಂಡನ ಕಾಲು ಜಜ್ಜಿಹೋದಾಗ ಕೈಗಾಡಿಯನ್ನೂ ಕೊಡದವನು! ಬೋನಿನೊಳಗಿನ ರೊಟ್ಟಿಯೂ ಇಲಿಗೆ ಪುಕ್ಕಟೆಯೇ.

"ಏನು ಬರೆದಿದೆ, ಓದು."

"ಎದೆ ಕವಾಟ ಸೋರ್ತಿದೆ, ಕೊಯ್ದು ಲೋಹದ್ದು ಹಾಕ್ತಾರೆ. ಯಜಮಾನ್ರೂ ಡಾಕ್ಟ್ರೂ ಮಾತಾಡ್ಕೊಂಡಿದಾರೆ. ಎರಡೆರಡು ಸಲ ಕೊಯ್ಸ್ಕೊಂಡು ಮಲಗಿ ಎದ್ದು ಬರೋಕೆ ನೀನೇನು ದೊರೆ ಮಗಳಾ?" ಉಗಿಯುವಂತೆ ಅಂದು ಬೀಡಿ ಸೇದಲು ಹೊರಗೆ ಹೋದ.

ನೆಲ ಒರೆಸುತ್ತಿದ್ದ ಮುದುಕಿ ಆಯಾ ಹತ್ತಿರ ಸರಿದಳು. ಇಪ್ಪತ್ತು ವರ್ಷ ಅದೇ ವಾರ್ಡಿನಲ್ಲಿ ಸವೆದವಳು.

"ಲೋಹದ್ದು ಬಾಳಿಕೆ ಬರುತ್ತೆ ಕಣೆ. ಆದ್ರೆ ಬದುಕಿರೋವರೆಗೂ ರಕ್ತ ತೆಳು ಮಾಡೋ ಮಾತ್ರೆ. ಇಟ್ಟಿಗೆ ತರಚಿದ್ರೂ ರಕ್ತ ಬೇಗ ನಿಲ್ಲಲ್ಲ. ಬಸುರಾದ್ರೆ ಆ ಮಾತ್ರೆ ಕೂಸಿಗೇ ಕಂಟಕ. ಪ್ರಾಣಿ ಕವಾಟ ಹಾಕಿದ್ರೆ ಆ ಕಾಟ ಕಮ್ಮಿ, ಆದ್ರೆ ಹತ್ತು ಹದಿನೈದು ವರ್ಷಕ್ಕೆ ಸವೆದು ಮತ್ತೆ ಕೊಯ್ಬೇಕು. ಕೆಲವರಿಗೆ ಅವರದನ್ನೇ ಹೊಲಿದು ಸರಿಮಾಡ್ತಾರೆ. ನಿಂಗಾಗುತ್ತೋ ಇಲ್ವೋ, ಡಾಕ್ಟ್ರೇ ಹೇಳ್ಬೇಕು."

"ನಂಗ್ಯಾರೂ ಬಾಯೇ ಬಿಡ್ಲಿಲ್ವಲ್ಲ!"

ಆಯಾ ಕಾಗದದ ಮೇಲೆ ಬೆರಳಾಡಿಸಿ ಓದುತ್ತ ಒಂದು ಸಾಲಿಗೆ ನಿಂತಳು. "'ಮುಂದೆ ಮಕ್ಕಳು ಬೇಡವೆಂದು ರೋಗಿಯೇ ತಿಳಿಸಿದ್ದಾರೆ' ಅಂತಿದೆ. ಹೇಳಿದ್ಯಾ?"

ಹದಿನಾರಿಗೆ ವಯಸ್ಸು ಇಪ್ಪತ್ನಾಲ್ಕು. ಎರಡು ಸಲ ಬಸಿರು ಇಳಿದುಹೋಗಿತ್ತು. ಎರಡು ಸಲವೂ ತಲೆಯ ಮೇಲೆ ಇಟ್ಟಿಗೆಯಿತ್ತು.

ಕಾಗದ ಕಿತ್ತುಕೊಂಡು ಎದ್ದಳು. ಡಾಕ್ಟರ ಕೋಣೆ ಪಡಸಾಲೆಯ ಆ ತುದಿಗೆ. ಅಷ್ಟು ದೂರಕ್ಕೇ ಮೂರು ಸಲ ಗೋಡೆ ಹಿಡಿದಳು. ಬಾಗಿಲು ನೂಕಿ, ಡಾಕ್ಟರ ಎದುರಿನ ಮೆತ್ತನೆ ಕುರ್ಚಿಯಲ್ಲಿ ಕೂತೇಬಿಟ್ಟಳು.

"ಯಾರ್ರೀ ಇವಳನ್ನ ಒಳಗೆ ಬಿಟ್ಟಿದ್ದು? ಏಳು ಮೇಲೆ!"

ಅವಳು ಕಾಗದವನ್ನು ಮೇಜಿನ ಮೇಲೆ ನಾಲ್ಕು ಚೂರು ಮಾಡಿದಳು.

"ನಿಲ್ಲೋಕೆ ಉಸಿರಿಲ್ಲ, ಡಾಕ್ಟ್ರೇ. ಕೂತೇ ಕೇಳ್ತೀನಿ. ಮೂರು ದಾರಿ ಅಂತೆ. ಮೂರನ್ನೂ ಹೇಳಿ. ಎದೆ ನಂದು, ಬಸಿರೂ ನಂದು."

ಓಡಿ ಬಂದ ಮೇಸ್ತ್ರಿ, "ಲೌಡಿ!" ಎನ್ನುತ್ತ ಅವಳ ತುರುಬಿಗೆ ಕೈ ಹಾಕಿ ಜಗ್ಗಿದ. ಕತ್ತು ಹಿಂದಕ್ಕೆ ಹೊರಳಿತು, ತುಟಿ ನೀಲಿಗಟ್ಟಿತು. ಕುರ್ಚಿಯ ತೋಳನ್ನು ಅವಳು ಬಿಡಲಿಲ್ಲ.

"ನಿಧಾನಕ್ಕೆ ಹೇಳಿ," ಅಂದಳು. "ನಂಗೆ ಅರ್ಥ ಆಗ್ಬೇಕು."