ಕೆಂಪು ಚೀಟಿ, ಬಿಳಿ ಚೀಟಿ

ಕುರ್ಚಿಗಳನ್ನು ಗೋಡೆಗೆ ಸಮನಾಗಿ ಎಳೆದಾಗಿತ್ತು. ಬಾಗಿಲ ಬಳಿ ಚೆಲ್ಲಾಪಿಲ್ಲಿಯಾಗಿದ್ದ ಚಪ್ಪಲಿಗಳನ್ನು ಅಚ್ಚುಕಟ್ಟಮ್ಮ ಜೋಡಿ ಜೋಡಿಯಾಗಿ ಸರಿಸಿಡುತ್ತಿದ್ದಾಗ ಒಳಗಿನಿಂದ ಬಂದ ಕೈಯೊಂದು ಅವಳ ಮಣಿಕಟ್ಟನ್ನು ಹಿಡಿಯಿತು. ತೀರಿಕೊಂಡವನ ಹೆಂಡತಿ.

"ಇಲ್ಲಿ ಬಾ. ಒಂದ್ನಿಮಿಷ."

"ನೀವು ಕೂತ್ಕೊಳ್ಳಿ ಅಕ್ಕಾ. ಏನ್ ಬೇಕೋ ನಾನ್ ಮಾಡ್ತೀನಿ."

"ಅದಕ್ಕೇ ಕರೀತಿರೋದು, ಬಾ."

ಅಚ್ಚುಕಟ್ಟಮ್ಮ ಅನ್ನುವುದು ಹೆತ್ತವರು ಇಟ್ಟ ಹೆಸರಲ್ಲ. ಈಗ ನಡುಮನೆಯಲ್ಲಿ ಬಿಳಿ ಬಟ್ಟೆ ಹೊದ್ದು ಮಲಗಿರುವವನು ಇಟ್ಟದ್ದು. ಊರಿಗೆಲ್ಲ ಅವನು ಡಿಸ್ಕ್ ಡಾಕ್ಟರ್. ಕಂಪ್ಯೂಟರ್ ಕೆಟ್ಟು, ಇದ್ದಬದ್ದ ಫೈಲುಗಳೆಲ್ಲ ಮಾಯವಾಗಿ, ತಲೆಯ ಮೇಲೆ ಕೈ ಹೊತ್ತು ಬಂದವರಿಗೆ ಅವನ ಅಂಗಡಿಯೇ ಕೊನೆಯ ಬಾಗಿಲು. ಆ ಅಂಗಡಿಯ ಎರಡನೇ ಮೇಜಿನಲ್ಲಿ ಅಚ್ಚುಕಟ್ಟಮ್ಮ ಏಳು ವರ್ಷ ದುಡಿದಿದ್ದಳು. ನಿನ್ನೆ ಮಧ್ಯಾಹ್ನ "ಸ್ವಲ್ಪ ನೀರು ಕೊಡಿ" ಎಂದವನು, ಅವಳು ಲೋಟ ತರುವಷ್ಟರಲ್ಲಿ ಮೇಜಿಗೆ ಒರಗಿ ಪ್ರಾಣ ಬಿಟ್ಟಿದ್ದ.

ನಡುಮನೆಯಲ್ಲಿ ಫೋಟೋ ಸ್ಟುಡಿಯೋದವನು ದನಿ ತಗ್ಗಿಸಲು ನೋಡಿ ಸೋಲುತ್ತಿದ್ದ. "ಒಂದು ಮದುವೆ ಪೂರ್ತಿ ಅಳಿಸಿಬಿಟ್ಟಿದ್ದೆ ರೀ. ಹೆಣ್ಣಿನ ಕಡೆಯವ್ರೂ ಗಂಡಿನ ಕಡೆಯವ್ರೂ ಮೊದಲನೇ ಸಲ ಒಂದಾಗಿದ್ದು ನನ್ನ ಚರ್ಮ ಸುಲಿಯೋಕೆ. ಮೂರೇ ದಿನಕ್ಕೆ ತೆಗೆದುಕೊಟ್ರು, ಪುಣ್ಯಾತ್ಮ."

"ನನಗೆ ಬೈದಿದ್ದೇ ಬೈದಿದ್ದು," ಎಂದರು ನಿವೃತ್ತ ಮೇಷ್ಟ್ರು. "ಮೂರು ಕಡೆ ಕಾಪಿ ಇಡಿ ಮೇಷ್ಟ್ರೆ, ನಿಮ್ಮ ನೆನಪಿನ ಶಕ್ತಿ ನಂಬ್ಕೋಬೇಡಿ ಅಂತ."

"ಊರವರದ್ದೆಲ್ಲ ತೆಗೆದುಕೊಟ್ಟ. ತನ್ನ ಮಗಳದ್ದು ಒಂದು ಆಗ್ಲಿಲ್ಲ ನೋಡಿ," ಎಂದ ಸತ್ತವನ ಅಣ್ಣ.

ಅಡುಗೆಮನೆಯಲ್ಲಿ ಅಕ್ಕ ಬಾಗಿಲನ್ನು ಮುಂದಕ್ಕೆ ಎಳೆದಳು. ಅತ್ತು ಅತ್ತು ಮುಖ ಊದಿತ್ತು, ಮಾತು ಮಾತ್ರ ಸ್ಪಷ್ಟವಾಗಿತ್ತು.

"ನಿನ್ನೆ ಬೆಳಿಗ್ಗೆ ಹೋಗುವಾಗ ಪುಟ್ಟಿ ಡಿಸ್ಕ್ ತೊಂಬತ್ತೇಳು ಅಂದ್ರು. ನೂರರಲ್ಲಿ ತೊಂಬತ್ತೇಳು ಅಂದ್ರೆ ಹೆಚ್ಚುಕಮ್ಮಿ ಎಲ್ಲಾ ಬಂದಿರುತ್ತೆ, ಅಲ್ವಾ?"

ಅಚ್ಚುಕಟ್ಟಮ್ಮ ಕಟ್ಟೆಯ ಮೇಲಿನ ಲೋಟಗಳನ್ನು ಸಾಲಾಗಿ ಸರಿಸಿದಳು.

"ನನಗೆ ಎಲ್ಲಾ ಬೇಡ ಕಣೇ. ಒಂದು ಸಾಕು. ಪುಟ್ಟಿ ಮುಖ ಇರೋದು ಒಂದು. ನಾಲ್ಕು ಗಂಟೆಗೆ ವ್ಯಾನ್ ಬರುತ್ತೆ. ಅಷ್ಟರೊಳಗೆ ತಂದ್ರೆ ಸ್ಟುಡಿಯೋದವ್ರು ಪ್ರಿಂಟ್ ಹಾಕಿಕೊಡ್ತಾರಂತೆ. ಅವರ ಎದೆ ಮೇಲಿಟ್ಟು ಕಳಿಸ್ತೀನಿ. ಒಬ್ಬರೇ ಹೋಗೋದು ಬೇಡ." ಅಂಗಡಿಯ ಕೀಲಿಗೊಂಚಲನ್ನು ಅವಳ ಕೈಗೆ ತುರುಕಿದಳು. "ಸಣ್ಣ ಕೀಲಿ ಹಿಂದಿನ ರೂಮಿನ ಡ್ರಾಯರ್‌ದು."

ಪುಟ್ಟಿ ಐದು ತುಂಬುವ ಮುನ್ನ ಜ್ವರದಲ್ಲಿ ಹೋದವಳು. ಮನೆಯಲ್ಲಿ ಅವಳದೆಂದು ಉಳಿದದ್ದು ಶಾಲೆಯ ಗುಂಪು ಫೋಟೋ ಒಂದೇ. ಅದರ ಹಿಂದಿನ ಸಾಲಿನಲ್ಲಿ ಎಳ್ಳಿನಷ್ಟು ಮುಖ, ಅದೂ ಪಕ್ಕದವಳ ಜಡೆಯ ಮರೆಗೆ ಅರ್ಧ ಹೋಗಿತ್ತು. ಮಿಕ್ಕ ನಗು, ಮುನಿಸು, ತೊದಲು ಹಾಡು ಎಲ್ಲವೂ ಡಿಸ್ಕಿನಲ್ಲಿದ್ದವು. ಪ್ರಿಂಟ್ ಹಾಕಿಸಿದರಾಯಿತು ಎಂದು ಎಲ್ಲ ತಂದೆತಾಯಿಗಳ ಹಾಗೆ ಇವರೂ ಅಂದುಕೊಂಡಿದ್ದರು.

*

ಅಚ್ಚುಕಟ್ಟಮ್ಮ ಕೆಲಸಕ್ಕೆ ಸೇರಿದ ಎರಡನೇ ವಾರ ಅದು. ಅಂಗಡಿಯ ಕಪಾಟು ನೋಡಿ ಅವಳ ಮೈ ಪರಚಿಕೊಳ್ಳುವಂತಾಗಿತ್ತು. ಧೂಳು, ಅಂಟು, ಅಡ್ಡಾದಿಡ್ಡಿ ಅಂಟಿಸಿದ ಚೀಟಿಗಳು. ಆ ಅಂಗಡಿಗೆ ಒಂದೇ ಶಾಸ್ತ್ರ: ತುಂಬಿದ ಡಿಸ್ಕಿಗೆ ಕೆಂಪು ಚೀಟಿ, ಖಾಲಿ ಡಿಸ್ಕಿಗೆ ಬಿಳಿ ಚೀಟಿ. ಕಾಪಿ ಮಾಡುವುದು ಯಾವಾಗಲೂ ಕೆಂಪಿನಿಂದ ಬಿಳಿಗೆ.

ಅವನು ಹೊರಗೆ ಹೋಗಿದ್ದ ಎರಡು ಗಂಟೆಯಲ್ಲಿ ಅವಳು ಎಲ್ಲವನ್ನೂ ಇಳಿಸಿ ಒರೆಸಿದಳು. ಮುದುರಿದ ಚೀಟಿಗಳನ್ನು ಕಿತ್ತು, ಅಂಟು ತೆಗೆದು, ಹೊಸದಾಗಿ ಕತ್ತರಿಸಿ, ಮೂಲೆಗೆ ಮೂಲೆ ಕೂರಿಸಿ ಅಂಟಿಸಿದಳು. ಬಂದವನು ಸೊಂಟಕ್ಕೆ ಕೈಕೊಟ್ಟು ನಿಂತು ನೋಡಿದ.

"ನಮ್ಮ ಅಂಗಡೀನೇನಾ ಇದು? ಏನಮ್ಮ, ನೀವು ಅಚ್ಚುಕಟ್ಟಮ್ಮ ಕಣ್ರಿ!"

ಬಹಳ ದಿನಗಳ ಮೇಲೆ ಅವನು ನಕ್ಕದ್ದಂತೆ. ಮಗಳು ಹೋಗಿ ಒಂದು ವರ್ಷವಾಗಿತ್ತು. ಅಚ್ಚುಕಟ್ಟಮ್ಮ ಆ ನಗುವನ್ನು ತನ್ನ ಗಳಿಕೆ ಎಂದು ಇಷ್ಟು ವರ್ಷ ಮನಸ್ಸಿನಲ್ಲಿಟ್ಟುಕೊಂಡಿದ್ದಳು.

ಅದಾದ ಎರಡು ದಿನಕ್ಕೆ ಅವನು ಚೀಟಿಗಳ ಪದ್ಧತಿಯನ್ನೇ ಬಿಟ್ಟ. ಡಿಸ್ಕಿನ ಮೈಮೇಲೆ ಮಸಿಯಲ್ಲಿ ಬರೆಯತೊಡಗಿದ. "ಸೆಕೆಗೆ ಅಂಟು ಬಿಟ್ಟುಹೋಗುತ್ತೆ" ಎಂದ. ಅದೇ ವಾರ ಅಕ್ಕ ಅಂಗಡಿಗೆ ಬಂದು ಗೋಳೋ ಎಂದು ಅತ್ತಳು. ಪುಟ್ಟಿಯ ಡಿಸ್ಕ್ ಕೆಟ್ಟಿತ್ತಂತೆ. "ತೆಗೀತೀನಿ. ನಿಧಾನ ಆಗುತ್ತೆ, ಆದ್ರೆ ತೆಗೀತೀನಿ," ಎಂದು ಅವನು ಹೆಂಡತಿಯ ತಲೆ ಸವರಿದ. ಅಲ್ಲಿಂದ ಪ್ರತಿದಿನ ಅವಳದು ಒಂದೇ ಪ್ರಶ್ನೆ, ಇವತ್ತು ಎಷ್ಟು? ಅವನದು ಒಂದೇ ಉತ್ತರ, ಒಂದು ಅಂಕಿ. ಏಳು ವರ್ಷ ಹಿಡಿಯುವ ಕೆಲಸ ಯಾವುದೂ ಇಲ್ಲವೆಂದು ಅಚ್ಚುಕಟ್ಟಮ್ಮನಿಗೆ ಕೆಲಸ ಕಲಿತ ಮೇಲೆ ಅನಿಸಿತ್ತು. ಆದರೆ ಸತ್ತ ಮಗುವಿನ ವಿಷಯ, ಬಾಯಿಬಿಟ್ಟು ಕೇಳುವುದು ಹೇಗೆ?

*

ಅಂಗಡಿಯ ಹಿಂದಿನ ಕೋಣೆಯಲ್ಲಿ, ಪುಟ್ಟಿಯ ಡಿಸ್ಕಿಗೆಂದೇ ಇಟ್ಟ, ಬಟ್ಟೆ ಹೊದಿಸಿದ ಯಂತ್ರ ಈಗಲೂ ಗುಂಯ್ ಎನ್ನುತ್ತಿತ್ತು. ಅದನ್ನು ಮುಟ್ಟಬಾರದೆಂದು ಅವನ ಕಟ್ಟಪ್ಪಣೆ. ಮುಟ್ಟಬೇಡ ಎಂದವನೇ ಈಗ ಇರಲಿಲ್ಲ. ಬಟ್ಟೆ ಎತ್ತಿದಳು.

ಹಸಿರು ದೀಪ ಮಿಣುಕುತ್ತಿತ್ತು. ಒಳಗೆ ಫ್ಯಾನು ತಿರುಗುತ್ತಿತ್ತು. ಡಿಸ್ಕಿಗೆ ಹೋಗಬೇಕಾದ ಕೇಬಲ್ಲುಗಳ ತುದಿ ಗಾಳಿಯಲ್ಲಿ ಜೋತಾಡುತ್ತಿತ್ತು. ಯಂತ್ರಕ್ಕೆ ಏನನ್ನೂ ಜೋಡಿಸಿರಲಿಲ್ಲ. ಬಾಗಿಲಲ್ಲಿ ನಿಂತು ಕೇಳುವ ಹೆಂಡತಿಗೆ ಕೇಳಿಸಲೆಂದು ಏಳು ವರ್ಷದಿಂದ ಬರಿದೇ ಓಡುತ್ತಿತ್ತು.

ಡ್ರಾಯರ್ ಎಳೆದಳು. ಮಗುವಿನ ಟವೆಲಿನಲ್ಲಿ ಸುತ್ತಿದ ಡಿಸ್ಕು, ಅದರಡಿ ಒಂದು ನೋಟ್‌ಬುಕ್ಕು.

ಡಿಸ್ಕಿನ ಮೇಲೆ ಬಿಳಿ ಚೀಟಿಯಿತ್ತು. ಮೂಲೆಗೆ ಮೂಲೆ ಕೂತಿತ್ತು. ಯಾರು ಅಂಟಿಸಿದ್ದೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ.

ನೋಟ್‌ಬುಕ್ಕಿನ ಮೊದಲ ಪುಟದಲ್ಲಿ ಅವನ ಇರುವೆಸಾಲಿನ ಅಕ್ಷರ.

'ಹೆಂಡತಿ ಇನ್ನೊಂದು ಕಾಪಿ ಮಾಡಿಡಿ ಎಂದಳೆಂದು ಪುಟ್ಟಿಯ ಡಿಸ್ಕು ತಂದು ಕಪಾಟಿನಲ್ಲಿಟ್ಟದ್ದು. ಮೊನ್ನೆ ಕಪಾಟು ಒರೆಸುವಾಗ ಚೀಟಿ ಅದಲುಬದಲಾಗಿದೆ. ಬಿಳಿ ಚೀಟಿಯದೇ ಪುಟ್ಟಿಯದು. ಖಾಲಿ ಡಿಸ್ಕನ್ನು ಅದರ ಮೇಲೆ ಕಾಪಿ ಮಾಡಿದೆ. ಪುಟ್ಟಿ ಇದ್ದ ಕಡೆಯೆಲ್ಲ ಸೊನ್ನೆ ಕೂತಿದೆ. ಮರಳಿ ತೆಗೆಯಲು ಯಾರಿಂದಲೂ ಆಗದು. ಯಾರ ಡಿಸ್ಕನ್ನೂ ತೆರೆದು ನೋಡದೆ ಕಾಪಿ ಮಾಡಿದವನಲ್ಲ ನಾನು. ಇದನ್ನು ತೆರೆಯಲಿಲ್ಲ. ಪುಟ್ಟಿಯ ಮುಖ ನೋಡುವ ಧೈರ್ಯ ಬರಲಿಲ್ಲ. ತಪ್ಪು ನನ್ನದು. ಅಚ್ಚುಕಟ್ಟಮ್ಮನಿಗೆ ತಿಳಿಯಬಾರದು. ಪಾಪ, ಖುಷಿಯಿಂದ ಮಾಡಿದ್ದಾಳೆ.'

ಅವಳು ಅಲ್ಲೇ ನೆಲದ ಮೇಲೆ ಕುಳಿತಳು. ಏಳು ವರ್ಷ ಅವನು ದಿನಕ್ಕೆ ಹತ್ತು ಸಲ ಆ ಹೆಸರಿನಿಂದ ಕರೆದಿದ್ದ. ಅವಳ ತಪ್ಪನ್ನು ಹೊಟ್ಟೆಗೆ ಹಾಕಿಕೊಂಡು, ನಗುನಗುತ್ತ ಕರೆದಿದ್ದ. ಬೈದಿದ್ದರೆ ಬಿಟ್ಟುಹೋಗುತ್ತಿದ್ದಳು, ಅತ್ತು ಮುಗಿಸುತ್ತಿದ್ದಳು. ಈಗ ಕಾಲಿಗೆ ಬೀಳೋಣವೆಂದರೆ ಕಾಲಿಗೆ ಬಿಳಿ ಬಟ್ಟೆ ಹೊದಿಸಿಯಾಗಿತ್ತು.

ಮುಂದಿನ ಪುಟಗಳಲ್ಲಿ ಬರೀ ತಾರೀಖು ಮತ್ತು ಅಂಕಿ. ಹೇಳಿದ್ದು ಮರೆತು ಮರುದಿನ ತಪ್ಪು ಅಂಕಿ ಹೇಳಬಾರದಲ್ಲ. ನಲವತ್ತೊಂದು. ನಲವತ್ತಮೂರು. ನಲವತ್ತನಾಲ್ಕರ ಪಕ್ಕದಲ್ಲಿ, 'ಹಾಡಿಕೊಂಡು ಅಡುಗೆ ಮಾಡಿದಳು. ನಾಳೆ ಇಳಿಸಬೇಕು.' ಮರುದಿನ ಮೂವತ್ತೆಂಟು. ಹೀಗೆ ಏರಿಸುತ್ತ ಇಳಿಸುತ್ತ ಪುಟಗಳು ತುಂಬಿದ್ದವು. ಈಚಿನ ಒಂದು ತಿಂಗಳು ಮಾತ್ರ ಅಂಕಿ ಇಳಿದೇ ಇರಲಿಲ್ಲ. ತೊಂಬತ್ತರ ಪಕ್ಕದಲ್ಲಿ ಬರೆದಿದ್ದ: 'ಇನ್ನು ಇಳಿಸುವುದಿಲ್ಲ. ಸಾಕಾಗಿದೆ. ನೂರಾದ ದಿನ ಎಲ್ಲ ಹೇಳಿಬಿಡುತ್ತೇನೆ.'

ಕೊನೆಯ ಸಾಲು ನಿನ್ನೆಯದು. ತೊಂಬತ್ತೇಳು.

ಫೋನು ಬಡಿದುಕೊಂಡಿತು. ಸತ್ತವನ ಅಣ್ಣ. "ಎಲ್ಲಿದ್ದೀಯಮ್ಮ? ವ್ಯಾನ್ ಬಂದಾಯ್ತು. ಡ್ರೈವರ್ ಗಡಿಬಿಡಿ ಮಾಡ್ತಿದ್ದಾನೆ."

"ಬಂದೆ," ಎಂದಳು. ನೋಟ್‌ಬುಕ್ಕನ್ನು ಚೀಲಕ್ಕೆ ಹಾಕಿಕೊಂಡಳು. ಹೇಳಿಬಿಡಬೇಕು. ಅವನು ನೂರರಂದು ಹೇಳಬೇಕೆಂದಿದ್ದನ್ನು ತಾನು ಇವತ್ತೇ ಹೇಳಬೇಕು, ತನ್ನದನ್ನೂ ಸೇರಿಸಿ. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಳು. ಅಕ್ಕಾ, ಆ ಚೀಟಿ ಅಂಟಿಸಿದ್ದು ನಾನು. ಅಕ್ಕಾ, ನಿಮ್ಮ ಮಗಳನ್ನ ಅಳಿಸಿದ್ದು ನಾನು.

*

ಅಕ್ಕ ಆಗಲೇ ಸಿದ್ಧವಾಗಿ ಕೂತಿದ್ದಳು. ಸ್ಟುಡಿಯೋದವನು ತಂದುಕೊಟ್ಟ ಚೌಕಟ್ಟಿನ ಗಾಜನ್ನು ಸೆರಗಿನಿಂದ ಒರೆಸಿ ಒರೆಸಿ, ಚೌಕಟ್ಟನ್ನು ಗಂಡನ ಎದೆಯ ಮೇಲೆ ಇಟ್ಟಿದ್ದಳು. ಅದರೊಳಗೆ ಏನೂ ಇರಲಿಲ್ಲ. ಗಾಜಿನ ಹಿಂದೆ ಬರೀ ಕಂದು ರಟ್ಟು.

"ಬಂತಾ?"

ಎಲ್ಲರೂ ಅಚ್ಚುಕಟ್ಟಮ್ಮನ ಕಡೆ ತಿರುಗಿದರು. ಸ್ಟುಡಿಯೋದವನು ಪ್ರಿಂಟಿಗೆ ಓಡಲು ಚಪ್ಪಲಿ ಮೆಟ್ಟಿಕೊಂಡೇ ನಿಂತಿದ್ದ. ಅವಳು ನೋಡಿದ್ದು ಅಕ್ಕನ ಮುಖವನ್ನಲ್ಲ, ಗಾಜು ಒರೆಸಿ ಒದ್ದೆಯಾದ ಸೆರಗಿನ ತುದಿಯನ್ನು.

"ತೊಂಬತ್ತಾರು," ಎಂದಳು.

"ನಿನ್ನೆ ತೊಂಬತ್ತೇಳಿತ್ತಲ್ಲ?"

"ಒಂದು ಕಮ್ಮಿಯಾಗಿದೆ ಅಕ್ಕಾ. ಪೂರ್ತಿ ಆಗೋವರೆಗೂ ಒಂದೂ ತೆರೆಯೋಕಾಗಲ್ಲ."

ಹೇಳಿದ ಮರುಕ್ಷಣವೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಅವನು ಏಳು ವರ್ಷ ಸುಳ್ಳು ಹೇಳಿದ್ದು ಹೆಂಡತಿಗಾಗಿ. ಅವಳು ಹೇಳಿದ್ದು ತನಗಾಗಿ. ಎರಡಕ್ಕೂ ಇರುವ ಅಂತರ ಅವಳಿಗೊಬ್ಬಳಿಗೇ ಗೊತ್ತಿತ್ತು.

ಅಕ್ಕ ತಲೆಯಾಡಿಸಿದಳು. ಅವಳಿಗೆ ಅಭ್ಯಾಸವಾಗಿತ್ತು. "ಹೀಗೇ ಆಗುತ್ತೆ. ನಾನು ಆಸೆಪಟ್ಟಾಗೆಲ್ಲ ಕಮ್ಮಿಯಾಗುತ್ತೆ. ನನ್ನ ಕಣ್ಣೇ ಬೀಳುತ್ತೋ ಏನೋ." ಆಮೇಲೆ ಅಚ್ಚುಕಟ್ಟಮ್ಮನ ಕೈ ಹಿಡಿದಳು. "ನೀನು ಮುಗಿಸ್ತೀಯಲ್ಲ? ಅವರು ಯಾವಾಗ್ಲೂ ಅನ್ನೋರು, ಅಚ್ಚುಕಟ್ಟಮ್ಮನ ಕೈಗೆ ಕೊಟ್ಟಿದ್ದು ಎಲ್ಲೂ ಹೋಗಲ್ಲ ಅಂತ."

"ಹ್ಞೂಂ."

"ದಿನಾ ಬಂದು ಕೇಳ್ತೀನಿ. ಬೇಜಾರು ಮಾಡ್ಕೋಬೇಡ."

"ಆಯ್ತಮ್ಮ, ಎತ್ತೋಣ," ಎಂದ ಅಣ್ಣ. "ಚೌಕಟ್ಟು ತೆಗೀಲಾ?"

"ಬೇಡ, ಹಾಗೇ ಇರ್ಲಿ," ಎಂದಳು ಅಕ್ಕ. "ಜಾಗ ಹಿಡಿದಿಟ್ಟ ಹಾಗಾಗುತ್ತೆ."

ನಾಲ್ವರು ಬಾಗಿ ಎತ್ತಿದರು. ಹೊಸ್ತಿಲು ದಾಟುವಾಗ ಮುಂದಿನವನ ಕಾಲು ಎಡವಿತು. ಹೆಣ ಒಂದು ಪಕ್ಕಕ್ಕೆ ವಾಲಿ, ಎದೆಯ ಮೇಲಿನ ಖಾಲಿ ಚೌಕಟ್ಟು ಓರೆಯಾಗಿ ಜಾರಿತು. ಬಾಗಿಲಲ್ಲಿ ನಿಂತಿದ್ದ ಅಚ್ಚುಕಟ್ಟಮ್ಮ ಏನೆಂದು ಯೋಚಿಸುವ ಮೊದಲೇ ಕೈ ಚಾಚಿದಳು, ಮೂಲೆಗೆ ಮೂಲೆ ಸರಿಯಾಗಿ, ಅದನ್ನು ನೆಟ್ಟಗೆ ಕೂರಿಸಿದಳು.