ಒಂದು ಉಗುರಿನಷ್ಟು ಗಿಡ್ಡ

ಅವರು ಮನುಷ್ಯರ ಮುಖ ನೋಡುತ್ತಿರಲಿಲ್ಲ, ಮೊಣಕಾಲು ನೋಡುತ್ತಿದ್ದರು. ಎದುರಿಗೆ ಬಂದವರು ನಮಸ್ಕಾರ ಹೇಳಿದರೆ ಅವರ ದೃಷ್ಟಿ ಮೊದಲು ಕೆಳಗಿಳಿದು, ಅಲ್ಲಿ ಒಂದು ಕ್ಷಣ ನಿಂತು, ಏನನ್ನೋ ಅಂದಾಜು ಮಾಡಿಕೊಂಡು, ಆಮೇಲೆ ನಿಧಾನವಾಗಿ ಮೇಲೇರಿ ಮುಖವನ್ನು ತಲುಪುತ್ತಿತ್ತು. ಐವತ್ತೆರಡು ವರ್ಷ ಕುರ್ಚಿ ಮಾಡಿದ ಬಡಗಿಗೆ ಮನುಷ್ಯನೆಂದರೆ ನೆಲದಿಂದ ಮೊಣಕಾಲಿನ ಮಡಿಕೆಯವರೆಗಿನ ಒಂದು ಅಳತೆ; ಉಳಿದದ್ದೆಲ್ಲ ಅದರ ಮೇಲೆ ಹೇರಿದ ಸಾಮಾನು. ನನ್ನನ್ನು ಮೊದಲ ಸಲ ಕಂಡಾಗಲೂ ಹಾಗೆಯೇ ನೋಡಿದರು. "ಟೀಚರಮ್ಮ, ನಿಮ್ಮ ಎಡಗಾಲು ಬಲಗಾಲಿಗಿಂತ ಚೂರು ತಡವಾಗಿ ಮಡಚ್ತದೆ. ನೋಡ್ಕೊಳ್ಳಿ," ಎಂದರು. ನಾನು ಟೀಚರಲ್ಲ, ವಿಶ್ವವಿದ್ಯಾಲಯದಲ್ಲಿ ಮೂವತ್ತೈದು ವರ್ಷ ಗಣಿತದ ಪ್ರಾಧ್ಯಾಪಕಿಯಾಗಿದ್ದವಳು ಎಂದು ತಿದ್ದಿದೆ.

"ಪಾಠ ಹೇಳೋದು. ಅಷ್ಟೇ ತಾನೆ," ಎಂದರು.

'ಅಷ್ಟೇ ತಾನೆ' ಎಂಬುದು ಅವರ ಮಾತಿನ ಕೊನೆಯ ಮೊಳೆ. ಹೆಂಡತಿ ತೀರಿಕೊಂಡ ಸಂಗತಿಯನ್ನೂ ಹಾಲು ಒಡೆದ ಸಂಗತಿಯನ್ನೂ ಅವರು ಆ ಒಂದೇ ಮೊಳೆ ಹೊಡೆದು ಮುಗಿಸುತ್ತಿದ್ದರು.

ನಾವಿದ್ದದ್ದು ಮೂರು ಮಹಡಿಯ ಹಳೆಯ ಕಟ್ಟಡ. ಲಿಫ್ಟ್ ಇಲ್ಲ. ಒಂದೊಂದು ಮಹಡಿಗೆ ಹದಿನೆಂಟು ಮೆಟ್ಟಿಲು. ಒಂಬತ್ತು ಹತ್ತಿದರೆ ಒಂದು ತಿರುವು, ತಿರುವಿನಲ್ಲಿ ಒಂದು ಕಿಟಕಿ, ಮತ್ತೆ ಒಂಬತ್ತು. ನೆತ್ತಿಯ ಮೇಲೆ ಗಾಜಿನ ಮಾಡು. ಬೆಳಗಿನ ಬಿಸಿಲು ಅಲ್ಲಿಂದ ಇಳಿಯತೊಡಗಿ, ಕಟಕಟೆಯ ಸರಳುಗಳ ನಡುವೆ ನುಸುಳಿ, ಮಧ್ಯಾಹ್ನದ ಹೊತ್ತಿಗೆ ತಳದ ಅಂಚೆಪೆಟ್ಟಿಗೆಗಳನ್ನು ಮುಟ್ಟುವಾಗ ಬಹಳ ಕಾಲ ನೀರಿನಲ್ಲಿ ನೆನೆದ ಕಾಗದದ ಹಾಗೆ ತೆಳ್ಳಗೆ, ಹಳದಿಯಾಗಿ ಇರುತ್ತಿತ್ತು. ಮಹಡಿಗೆ ಎರಡು ಮನೆ; ಇದ್ದವರು ಬಹುಪಾಲು ಅರವತ್ತೈದು ದಾಟಿದವರು, ಒಂಟಿಗಳು. ನೆಲ ಅಂತಸ್ತಿನಲ್ಲಿ ನಿವೃತ್ತ ಬಸ್ ಕಂಡಕ್ಟರ್. ಮೊದಲ ಮಹಡಿಯಲ್ಲಿ ನಾನು. ಎರಡನೆಯದರಲ್ಲಿ ಹೆರಿಗೆ ಆಸ್ಪತ್ರೆಯಲ್ಲಿ ದಾದಿಯಾಗಿದ್ದ, ಎಲ್ಲರೂ ಸಿಸ್ಟರಮ್ಮ ಎಂದು ಕರೆಯುವ ಹೆಂಗಸು. ಮೂರನೆಯದರಲ್ಲಿ ಬಡಗಿ.

ವರ್ಷವಿಡೀ ಅವರ ಮೈಮೇಲೆ ಒಂದೇ ಕಂದು ಕೋಟು. ಅದರ ತೋಳಿನ ಮಡಿಕೆಗಳಲ್ಲಿ ಮರದ ಪುಡಿ ಎಷ್ಟು ಕಾಲದಿಂದ ಕೂತಿತ್ತೆಂದರೆ ಒಗೆದರೂ ಹೋಗದೆ ಬಟ್ಟೆಯ ನೇಯ್ಗೆಯೇ ಆಗಿಬಿಟ್ಟಿತ್ತು. ಬಲಗಿವಿಯ ಮೇಲೆ ಚಪ್ಪಟೆ ಪೆನ್ಸಿಲು. ಬಲಜೇಬಿನಲ್ಲಿ ಗಂಟು ಗಂಟಾದ ಒಂದು ದಾರ. ಒಂದೊಂದು ಗಂಟು ಒಬ್ಬೊಬ್ಬರ ಮೊಣಕಾಲಿನ ಎತ್ತರ. ಯಾವ ಗಂಟು ಯಾರದೆಂದು ಅವರ ಬೆರಳಿಗೆ ಗೊತ್ತಿತ್ತು, ಬಾಯಿಗೆ ಗೊತ್ತಿರಲಿಲ್ಲ. ಬಿಡುವಾಗಿ ಕೂತಾಗ ಆ ದಾರವನ್ನು ಬೆರಳಲ್ಲಿ ಸರಿಸುತ್ತ ಕಣ್ಣು ಅರೆಮುಚ್ಚುತ್ತಿದ್ದರು. ದೇವರ ಹೆಸರು ಹೇಳುತ್ತಿದ್ದಾರೆಂದು ಹೊಸಬರು ತಿಳಿಯುತ್ತಿದ್ದರು. ನಮ್ಮ ಕಾಲುಗಳನ್ನು ನೆನೆಯುತ್ತಿದ್ದರು, ಅಷ್ಟೇ.

ಅವರಿಗೊಬ್ಬ ಮಗಳು. ಊರಿನ ಇನ್ನೊಂದು ಕೊನೆಯಲ್ಲಿ, ಹೊಸಿಲು ಬಿಟ್ಟರೆ ಏರಿಳಿತವೇ ಇಲ್ಲದ ಮನೆಯಲ್ಲಿದ್ದಳು. ವಾರಕ್ಕೆರಡು ಸಲ ಬರುವ, ಜಗಳವಾಡಿಯೇ ಪ್ರೀತಿ ತೋರಿಸುವ ಜಾತಿಯವಳು. ತಂದೆಯಿಂದ ಮಾತು ತೆಗೆದುಕೊಂಡಿದ್ದಳು: ಮೆಟ್ಟಿಲು ಹತ್ತಲಾಗದ ದಿನ ಅವಳ ಮನೆಗೆ ಹೊರಟುಬಿಡಬೇಕು. ಮಾತು ಕೊಟ್ಟವರು ಅದೇ ವಾರ ಗರಗಸ ತೆಗೆದರು. ಹದಿನೈದು ದಿನದೊಳಗೆ ಮೂರು ತಿರುವಿನಲ್ಲಿ ಮೂರು ಕುರ್ಚಿ ಬಂದವು. ಮಗಳ ಮನೆಯಲ್ಲಿ ಏನು ಕಷ್ಟ ಎಂದು ಒಮ್ಮೆ ಕೇಳಿದ್ದೆ.

"ಕಷ್ಟ ಏನಿಲ್ಲ ಟೀಚರಮ್ಮ. ಚೆನ್ನಾಗಿ ನೋಡ್ಕೊಳ್ತಾಳೆ. ಆದ್ರೆ ಆ ಬೀದೀಲಿ ನನಗೆ ಪರಿಚಯ ಇರೋ ಮೊಣಕಾಲು ಒಂದೂ ಇಲ್ಲ."

ನಾನು ಕುರ್ಚಿಗಳನ್ನು ವಿರೋಧಿಸಿದೆ. ಮೆಟ್ಟಿಲು ಓಡಾಟದ ಜಾಗ, ಕೂರುವ ಜಾಗವಲ್ಲ ಎಂದು ಒಂದು ಪತ್ರ ಬರೆದು ಅಂಚೆಪೆಟ್ಟಿಗೆಗಳ ಮೇಲೆ ಅಂಟಿಸಿದೆ. ಭಾಷೆ ನಿರ್ದುಷ್ಟವಾಗಿತ್ತು, ಯಾರೂ ಓದಲಿಲ್ಲ. ಜನ ಕೂರತೊಡಗಿದರು. ಮಾರುಕಟ್ಟೆಯಿಂದ ಬಂದ ಸಿಸ್ಟರಮ್ಮ ಮೊದಲ ಕುರ್ಚಿಯಲ್ಲಿ ಕೂತರೆ ಕಂಡಕ್ಟರ್ ಬಾಗಿಲು ತೆರೆದು, "ಮುಂದೆ ಹೋಗಿ, ಮುಂದೆ ಹೋಗಿ, ಮುಂದೆ ಎಲ್ಲ ಖಾಲಿ ಇದೆ," ಎನ್ನುವರು. "ಇಳಿಯೋರು ಇಳೀಲಿ ಮೊದ್ಲು," ಎಂದು ಆಕೆ ಅಲ್ಲೇ ಕೂರುವರು. ಯಾರ ಕಣ್ಣಿಗೆ ಹನಿ ಹಾಕಬೇಕು, ಯಾರ ಗ್ಯಾಸ್ ಮುಗಿದಿದೆ, ಯಾರು ನಿನ್ನೆಯಿಂದ ಸರಿಯಾಗಿ ಉಂಡಿಲ್ಲ ಎಂಬುದೆಲ್ಲ ಆ ತಿರುವುಗಳಲ್ಲಿ ಕೈಬದಲಾಗುತ್ತಿತ್ತು. ಒಂದು ದಿನ ಬಡಗಿ ದಾರ ಹಿಡಿದು ನನ್ನ ಬಾಗಿಲಿಗೂ ಬಂದರು. ನನ್ನ ಮೊಣಕಾಲು ಸಾರ್ವಜನಿಕ ವಿಷಯವಲ್ಲ ಎಂದು ಹೇಳಿ ಕಳಿಸಿದೆ.

ಆ ಕುರ್ಚಿಗಳಲ್ಲಿ ಒಂದು ದೋಷವಿತ್ತು. ಪ್ರತಿಯೊಂದರ ಒಂದು ಕಾಲು ಒಂದು ಉಗುರಿನಷ್ಟು ಗಿಡ್ಡ. ಕೂತ ಕೂಡಲೇ ಭಾರ ಸರಿದು ಆ ಕಾಲು ಕಲ್ಲಿಗೆ ಬಡಿಯುತ್ತಿತ್ತು. ಮೊದಲನೆಯದು ಟಕ್ ಎನ್ನುವುದು, ಎರಡನೆಯದು ದಪ್ಪ ದನಿಯಲ್ಲಿ ಟೊಕ್, ಮೂರನೆಯದು ಗಂಟಲು ಕಟ್ಟಿದವರಂತೆ ಠಪ್. ಮಧ್ಯಾಹ್ನಗಳಲ್ಲಿ ಪುಸ್ತಕ ಎದೆಯ ಮೇಲೆ ಕವುಚಿಕೊಂಡು ಮಂಪರಿಗೆ ಜಾರುವಾಗ ಆ ಸದ್ದುಗಳು ಗೋಡೆಯೊಳಗಿನಿಂದ ಬರುವಂತೆ ಕೇಳುತ್ತಿದ್ದವು. ಕಟ್ಟಡವೇ ಒಂದು ದೊಡ್ಡ ಮರವಾಗಿ, ಅದರ ಪೊಟರೆಗಳಲ್ಲಿ ಹಕ್ಕಿಗಳು ಕುಕ್ಕುತ್ತ, ಬೆಳಕು ಕೊಂಬೆಯಿಂದ ಕೊಂಬೆಗೆ ಇಳಿಯುತ್ತ, ನಾನೂ ಅದರೊಳಗೆ ಎಲ್ಲೋ ಒಂದು ಎಲೆಯ ಹಾಗೆ ತೂಗುತ್ತ ಇರುವಂತೆ ಅನಿಸುವುದು. ಎಚ್ಚರವಾದ ಮೇಲೆ ಸಿಟ್ಟು ಬರುವುದು. ಐವತ್ತೆರಡು ವರ್ಷದ ಅನುಭವಸ್ಥನಿಗೆ ನಾಲ್ಕು ಕಾಲು ಸಮ ಮಾಡಲು ಬರುವುದಿಲ್ಲವೇ? ಮೂರು ಕಾಲಿನ ಪೀಠವಾದರೆ ಎಂಥ ನೆಲದಲ್ಲೂ ಅಲುಗದು. ಇದು ರೇಖಾಗಣಿತದ ಮೊದಲ ಪಾಠ.

ಎರಡನೆಯ ಕುರ್ಚಿ ನನ್ನ ಬಾಗಿಲಿನಿಂದ ಒಂಬತ್ತೇ ಮೆಟ್ಟಿಲು ಮೇಲೆ. ಒಂದು ದಿನ ಯಾರೂ ಇಲ್ಲದ ಹೊತ್ತಿನಲ್ಲಿ ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಎಂಟು ಮಡಿಕೆ ಮಾಡಿ ಅದರ ಗಿಡ್ಡ ಕಾಲಿನ ಕೆಳಗೆ ಇಟ್ಟೆ. ಕೂತು ನೋಡಿದೆ. ಕುರ್ಚಿ ಬಂಡೆಯ ಹಾಗೆ ನಿಂತಿತು. ಮೂರು ವಾರ ನನ್ನ ಮಧ್ಯಾಹ್ನಗಳು ಸೊಗಸಾಗಿದ್ದವು.

ನಾಲ್ಕನೆಯ ವಾರ, ಬೆಳಗ್ಗೆ ಹನ್ನೊಂದರ ಸುಮಾರಿಗೆ, ಮೆಟ್ಟಿಲಿನಿಂದ ಸಿಸ್ಟರಮ್ಮನ ಕೂಗು ಕೇಳಿ ಹೊರಗೆ ಬಂದೆ. ಎರಡನೆಯ ಕುರ್ಚಿಯಲ್ಲಿ ಬಡಗಿ ಒಂದು ಬದಿಗೆ ವಾಲಿದ್ದರು. ಬಾಯಿಯ ಎಡಕೊನೆ ಇಳಿದಿತ್ತು. ತರಕಾರಿ ಚೀಲ ಉರುಳಿ, ಎರಡು ಟೊಮೇಟೊ ನನ್ನ ಬಾಗಿಲವರೆಗೆ ಬಂದು ನಿಂತಿದ್ದವು. ಆಕೆ ಅವರ ನಾಡಿ ಹಿಡಿದುಕೊಂಡೇ, ಅಳದೆ, ವರದಿ ಒಪ್ಪಿಸುವವರ ಹಾಗೆ ಹೇಳಿದರು: "ಮೊದಲನೇ ಕುರ್ಚಿ ಹತ್ತೂಕಾಲಿಗೆ ಮಾತಾಡ್ತು. ಎರಡನೇದು ಮೂರು ವಾರದಿಂದ ಮೂಕ, ಅದನ್ನ ನಂಬಂಗಿಲ್ಲ. ಮೂರನೇದು ಮಾತಾಡ್ಬೇಕಿತ್ತು, ಆಡ್ಲೇ ಇಲ್ಲ. ಕಾದೆ, ಕಾದೆ, ಆಮೇಲೆ ಇಳಿದು ಬಂದೆ."

ಕುರ್ಚಿಗಳು ಮಾತಾಡುತ್ತವೆಂದು ನನಗೆ ಆ ದಿನ ಗೊತ್ತಾಯಿತು. ಕಂಡಕ್ಟರ್ ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವವರೆಗೆ ಮೆಟ್ಟಿಲ ಕೆಳಗೆ ನಿಂತು ಉಳಿದದ್ದನ್ನು ಹೇಳಿದರು. ಕಾಲುಗಳನ್ನು ಬೇಕೆಂದೇ ಉಜ್ಜಿ ಗಿಡ್ಡ ಮಾಡಿದ್ದು. ಒಮ್ಮೆ ಸದ್ದಾದರೆ ಯಾರೋ ಕೂತಿದ್ದಾರೆ. ಅಲುಗಿಸಿ ಎರಡು ಸಲ ಬಡಿದರೆ, ಬನ್ನಿ ಎಂದರ್ಥ. ಕಟ್ಟಡದಲ್ಲಿ ಎಲ್ಲರಿಗೂ ಗೊತ್ತಿತ್ತು. ನನಗೆ ಯಾರೂ ಹೇಳಿರಲಿಲ್ಲ, ಯಾಕೆಂದರೆ ನಾನು ಮೆಟ್ಟಿಲಿನಲ್ಲಿ ನಿಂತು ಮಾತಾಡಿದವಳೇ ಅಲ್ಲ. ಆ ಮನುಷ್ಯ ನಾಲಿಗೆ ಬಿದ್ದುಹೋದ ಮೇಲೆ ಅರ್ಧ ಗಂಟೆ ತನ್ನ ಬಲಭಾಗದಿಂದ ಕುರ್ಚಿಯನ್ನು ಅಲುಗಿಸಲು ನೋಡಿದ್ದಾರೆ. ನನ್ನ ಪ್ರಶ್ನೆಪತ್ರಿಕೆ ಅದನ್ನು ಅಲುಗಗೊಡಲಿಲ್ಲ. ಆ ಅರ್ಧ ಗಂಟೆ ನಾನು ಬಾಗಿಲಿನ ಈಚೆಗೆ ಕೂತು ನಿಶ್ಶಬ್ದದಲ್ಲಿ ಓದುತ್ತಿದ್ದೆ.

ಹತ್ತು ದಿನದ ಮೇಲೆ ಆಸ್ಪತ್ರೆಗೆ ಹೋದೆ. ಸುತ್ತಿ ಬಳಸಿ ಮಾತಾಡುವ ಅಭ್ಯಾಸ ನನಗಿಲ್ಲ. "ಕಾಲಿನ ಕೆಳಗೆ ಕಾಗದ ಇಟ್ಟವಳು ನಾನು," ಎಂದೆ.

"ಗೊತ್ತು." ಒಂದೊಂದೇ ಮಾತನ್ನು ಅವರು ತುಟಿಯಿಂದ ಕಿತ್ತು ಇಡಬೇಕಾಗಿತ್ತು. "ಮಡಿಕೆ… ಭಾಳ ನೇರ ಇತ್ತು."

"ಗೊತ್ತಿದ್ದೂ ಯಾಕೆ ತೆಗೀಲಿಲ್ಲ?"

"ನಿಮ್ಮ ಬಾಗಿಲು ಹತ್ರ… ಸದ್ದು… ನಿಮಗಾಗಲ್ಲ." ಸ್ವಲ್ಪ ಹೊತ್ತು ಸುಧಾರಿಸಿಕೊಂಡರು. "ಅಷ್ಟೇ ತಾನೆ."

ನನ್ನ ವೃತ್ತಿ ಇದ್ದದ್ದು ತಪ್ಪು ತಿದ್ದುವುದರಲ್ಲಿ. ತಪ್ಪನ್ನು ನೋಡಿಯೂ ಬಿಟ್ಟವರನ್ನು ನಾನು ಮೆಚ್ಚಿದವಳಲ್ಲ. ಆದರೆ ನನ್ನ ತಪ್ಪನ್ನು ಇಷ್ಟು ಮರ್ಯಾದೆಯಿಂದ ಯಾರೂ ಬಿಟ್ಟಿರಲಿಲ್ಲ.

ಕಾರಿಡಾರಿನಲ್ಲಿ ಮಗಳು ಬಟ್ಟೆ ಮಡಚುತ್ತಿದ್ದಳು. ಇನ್ನು ಅಪ್ಪ ತನ್ನ ಮನೆಗೇ ಎಂದಳು. ಮೂರು ಮಹಡಿ ಹತ್ತುವ ಮಾತೇ ಇಲ್ಲ.

"ಮಾತು ತಗೊಂಡಾಗ ಎಷ್ಟು ಮೆಟ್ಟಿಲು ಅಂತ ಹೇಳಿದ್ರಾ?" ಎಂದು ಕೇಳಿದೆ.

"ಇಲ್ಲ. ಯಾಕೆ ಮೇಡಂ?"

"ಹಾಗಾದ್ರೆ ಹದಿನೆಂಟು ಅಂತ ಇಟ್ಕೊಳ್ಳೋಣ. ಅವರು ನನ್ನ ಮನೆಗೆ ಬರ್ಲಿ. ನಾನು ಮೂರನೇ ಮಹಡಿಗೆ ಹೋಗ್ತೀನಿ. ಎರಡೂ ಮನೆಗೂ ಒಬ್ಬನೇ ಮಾಲೀಕ, ಮಾತಾಡಿ ಆಗಿದೆ."

ಆಕೆ ಕೈಯಲ್ಲಿದ್ದ ಬಟ್ಟೆಯನ್ನು ಮಡಚಿ ಮುಗಿಸಿದಳು. "ಹತ್ತಿ ತೋರಿಸ್ಲಿ," ಎಂದಳು ಕೊನೆಗೆ. "ಯಾರೂ ಕೈ ಹಿಡೀಬಾರ್ದು. ಹತ್ತಿದ್ರೆ ಇರ್ಲಿ. ಆಗ್ಲಿಲ್ಲ ಅಂದ್ರೆ ಅವತ್ತೇ ಕರ್ಕೊಂಡು ಹೋಗ್ತೀನಿ. ನನಗೂ ಇರೋದು ಒಬ್ರೇ ಅಪ್ಪ ಮೇಡಂ."

ನ್ಯಾಯವಾದ ಮಾತು. ನಾನು ಒಪ್ಪಿದೆ.

ಎರಡು ತಿಂಗಳ ಮೇಲೆ ಒಂದು ಭಾನುವಾರ ಬೆಳಗ್ಗೆ ಅವರು ಬಂದರು. ಅದೇ ಕೋಟು; ಈಗ ಅದರೊಳಗೆ ಮನುಷ್ಯ ಕಡಿಮೆಯಾಗಿ ಕೋಟು ಹೆಚ್ಚಾಗಿತ್ತು. ಕೈಯಲ್ಲಿ ಊರುಗೋಲು. ಕಂಡಕ್ಟರ್ ಬಾಗಿಲಲ್ಲಿ, ಸಿಸ್ಟರಮ್ಮ ಮೇಲಿನ ಕಟಕಟೆಗೆ ಒರಗಿ, ನಾನು ಮೊದಲ ಮಹಡಿಯ ಕೊನೆಯ ಮೆಟ್ಟಿಲಲ್ಲಿ. ಮಗಳು ಅವರ ಬೆನ್ನ ಹಿಂದೆ, ಎರಡು ಮೆಟ್ಟಿಲು ಕೆಳಗೆ, ಕೈ ಕಟ್ಟಿಕೊಂಡು. ಒಂಬತ್ತು ಮೆಟ್ಟಿಲು ಅವರು ಹತ್ತಿದ್ದು ನನಗೆ ಇಂದಿಗೂ ನೀರಿನೊಳಗೆ ನಡೆದ ಸಂಗತಿಯಂತೆ ಕಾಣುತ್ತದೆ. ಎಡಪಾದವನ್ನು ಎತ್ತುತ್ತಿರಲಿಲ್ಲ, ಬರುವಂತೆ ಒಪ್ಪಿಸುತ್ತಿದ್ದರು. ತಿರುವಿನಲ್ಲಿ ಕೂತರು. ಟಕ್. ಎಲ್ಲೋ ಮೇಲೆ ಒಂದು ಬಾಗಿಲು ತೆರೆಯಿತು, ಇನ್ನೊಂದು ತೆರೆಯಿತು.

ಆಮೇಲೆ ಏಳಲಿಲ್ಲ. ಗಾಜಿನ ಮಾಡಿನಿಂದ ಬಂದ ಬೆಳಕು ಅವರ ಮಡಿಲಿನಿಂದ ಮೆಲ್ಲಗೆ ಸರಿದು ನೆಲ ಮುಟ್ಟುವಷ್ಟು ಹೊತ್ತು ಕೂತೇ ಇದ್ದರು. ಒಮ್ಮೆ ಊರುಗೋಲು ಒತ್ತಿ ನೋಡಿದರು. ಮೈ ಮೇಲೇಳಲಿಲ್ಲ, ಬಿಟ್ಟರು. ಮಗಳು ಕಟ್ಟಿದ ಕೈ ಬಿಚ್ಚಿದಳು.

ಆಗ ಅವರು ತಲೆಯೆತ್ತಿದರು. ಎತ್ತಿದ ದೃಷ್ಟಿ ಮಗಳ ಮುಖಕ್ಕೆ ಹೋಗದೆ, ಹಳೆಯ ರೂಢಿಯಂತೆ, ಮೊಣಕಾಲಿನಲ್ಲಿ ನಿಂತಿತು.

"ನಿನ್ನ ಕಾಲು ನಡುಗ್ತಿದೆಯಲ್ಲೇ," ಎಂದರು. "ಬಾ, ಕೂತ್ಕೋ."

ಹಾಗೆಂದವರು ಜಾಗ ಬಿಡಲು ಎದ್ದುನಿಂತರು. ತಾನು ಎದ್ದೆನೆಂಬುದು ಅವರಿಗೆ ಗೊತ್ತಾದಂತೆ ಕಾಣಲಿಲ್ಲ. ನಿಂತವರೊಬ್ಬರಿಗೆ ಕುರ್ಚಿ ಬೇಕಾಗಿತ್ತು. ಆಕೆ ಎರಡು ಮೆಟ್ಟಿಲು ಹತ್ತಿ ಬಂದು ಕೂತಳು. ಟಕ್. ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಕೆಳಗಿನಿಂದ ಕಂಡಕ್ಟರ್ ಮೆತ್ತಗೆ, ಬಸ್ಸಿನಲ್ಲಿ ಮಗು ಮಲಗಿದ್ದಾಗ ಹೇಳುವಂತೆ, "ರೈಟ್," ಎಂದರು. ಉಳಿದ ಒಂಬತ್ತು ಮೆಟ್ಟಿಲನ್ನು ಬಡಗಿ ಹತ್ತಿ ಬಂದರು. ನನ್ನ ಎದುರು ನಿಂತು, ಮೇಲುಸಿರು ಬಿಡುತ್ತ, ನನ್ನ ಕಾಲು ನೋಡಿ, "ಮೂರು ಮಹಡಿ… ಆಗ್ತದಾ ಟೀಚರಮ್ಮ?" ಎಂದು ಕೇಳಿದರು.

ಆಗುತ್ತದೆ ಎಂದೆ. ಅಳತೆ ತೆಗೆದುಕೊಳ್ಳಲೂ ಬಿಟ್ಟೆ.

ಅವರು ಆ ಮನೆಯಲ್ಲಿ ಎರಡು ವರ್ಷ ಏಳು ತಿಂಗಳು ಇದ್ದರು. ಮೂರನೆಯ ಕುರ್ಚಿಯನ್ನು ನನ್ನ ಗಂಟಿನ ಅಳತೆಗೆ, ಒಂದೇ ಕೈಯಲ್ಲಿ, ಹೊಸದಾಗಿ ಮಾಡಿದರು. ಅದಕ್ಕೆ ನಾಲ್ಕು ತಿಂಗಳು ಹಿಡಿಯಿತು. ಒಂದು ದಿನ ಮಧ್ಯಾಹ್ನದ ನಿದ್ದೆಯಿಂದ ಏಳಲಿಲ್ಲ. ಅವರನ್ನು ಕಳಿಸಿಕೊಟ್ಟು ಬಂದ ಮರುದಿನ ಬೆಳಗ್ಗೆ ನಾನು ಮೂರನೆಯ ತಿರುವಿನಲ್ಲಿ ಕೂತೆ. ಕಟ್ಟಡ ಬಾವಿಯ ಹಾಗೆ ನಿಶ್ಶಬ್ದವಾಗಿತ್ತು. ಎರಡು ಸಲ ಅಲುಗಿಸಿದೆ. ಸಿಸ್ಟರಮ್ಮ ಒಂದು ಕಾಲಿಗೆ ಮಾತ್ರ ಚಪ್ಪಲಿ ಹಾಕಿಕೊಂಡು ಹತ್ತಿ ಬಂದರು.

"ಏನಾಯ್ತು?"

"ಏನಿಲ್ಲ. ಪರೀಕ್ಷೆ ಮಾಡಿದೆ."

"ಪಾಸಾ?"

"ಪಾಸು."

ಆಕೆ ಮೆಟ್ಟಿಲಿನ ಮೇಲೆ ನನ್ನ ಪಕ್ಕದಲ್ಲೇ ಕೂತರು. ಬೆಳಕು ಅಂಚೆಪೆಟ್ಟಿಗೆಗಳನ್ನು ಮುಟ್ಟುವವರೆಗೂ ಇಬ್ಬರೂ ಅಲ್ಲೇ ಇದ್ದೆವು.

ವಯಸ್ಸಾದವರು ಯಾರಿಗೂ ಸದ್ದಾಗದಂತೆ ಬದುಕುವುದನ್ನು ನಾವು ಘನತೆ ಎಂದು ಕರೆಯುತ್ತೇವೆ. ನಾನು ಎಪ್ಪತ್ತು ವರ್ಷ ಹಾಗೆಯೇ ನಂಬಿದ್ದೆ. ಜಗತ್ತಿನಲ್ಲಿ ಕೈಕೆಲಸ ಬಲ್ಲವರು ಬಹಳ ಜನ, ನಾಲ್ಕು ಕಾಲು ಸಮನಾಗಿ ಕೊಯ್ದು, ಎಲ್ಲೂ ಅಲುಗದಂತೆ ನಿಲ್ಲಿಸಿ, ಹೊಗಳಿಸಿಕೊಂಡು ಹೋಗುತ್ತಾರೆ. ಇನ್ನು ಕೆಲವರಿರುತ್ತಾರೆ, ಬೆರಳೆಣಿಕೆಯವರು. ಸಮ ಮಾಡಲು ಚೆನ್ನಾಗಿ ಬಲ್ಲವರೇ; ಆದರೂ ಕೊನೆಗೊಮ್ಮೆ ಉಜ್ಜಿ ಒಂದು ಉಗುರಿನಷ್ಟು ಗಿಡ್ಡ ಮಾಡಿ, ಕೆಲಸ ಬರದವರೆಂಬ ಮಾತನ್ನು ತಾವು ಹೊತ್ತುಕೊಂಡು, ನಾವು ಒಬ್ಬರಿಗೊಬ್ಬರು ಕೇಳಿಸುವಂತೆ ಮಾಡಿ ಹೋಗುತ್ತಾರೆ.